ಇರುಂಗಾಟ್ಟುಕೋಟೆಯ ಓಟದ ಹಾದಿ

ದಕ್ಷಿಣ ಬೆಂಗಳೂರಿಗೂ ಮೋಟಾರು ಓಟದ ಪಂದ್ಯಗಳಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ಅದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಜಯನಗರವೆಂದರೆ ಅಗಲವಾದ ಬೀದಿಗಳು, ಸಾಲುಮರಗಳು, ನಾಲ್ಕನೆಯ ಬ್ಲಾಕಿನ ಮಾರುಕಟ್ಟೆ. ಬನಶಂಕರಿಯೆಂದರೆ ಅಮ್ಮನವರ ಗುಡಿಯಲ್ಲಿ ರಾಹುಕಾಲಕ್ಕೆ ಹಚ್ಚುವ ನಿಂಬೆಹಣ್ಣಿನ ದೀಪ. ಇನ್ನು ಬಿ.ಟಿ.ಎಂ. ಬಡಾವಣೆಯಲ್ಲಿ ಸಂಜೆಯ ಹೊತ್ತು ವಾಹನಗಳು ಓಡುವುದಿರಲಿ, ಮುಂದಕ್ಕೆ ಸರಿದರೆ ಅದೇ ಪುಣ್ಯ. ಇಂಥ ಸೌಮ್ಯವಾದ ನೆರೆಯಲ್ಲಿಯೂ ವರ್ಷದ ಕೆಲವು ಶುಕ್ರವಾರಗಳಂದು, ಹತ್ತಿರದವರು ಮಲಗಿದ ಮೇಲೆ, ಒಂದೊಂದು ಗ್ಯಾರೇಜಿನ ಬಾಗಿಲು ಅರ್ಧ ತೆರೆದು ದೀಪ ಉರಿಯುತ್ತಿರುತ್ತದೆ. ಒಳಗೆ ಸೀಟುಗಳನ್ನೆಲ್ಲ ಕಿತ್ತು, ಹೊಟ್ಟೆಯೊಳಗೆ ಉಕ್ಕಿನ ಕೊಳವೆಗಳ ಪಂಜರವನ್ನು ಬೆಸೆದ, ಮಗ್ಗುಲಿಗೆ ದೊಡ್ಡ ಅಂಕಿ ಬರೆಸಿಕೊಂಡ ಒಂದು ಸಾಮಾನ್ಯ ಸಂಸಾರಿಗರ ಕಾರು. ಬೆಳಗಾಗುವುದರೊಳಗೆ ಅದು ಟ್ರಕ್ಕನ್ನೇರಿ ಹೊಸೂರು ರಸ್ತೆ ಹಿಡಿದಿರಬೇಕು. ಸುಮಾರು 300 ಕಿಲೋಮೀಟರು ಆಚೆ, ಚೆನ್ನೈ ನಗರಕ್ಕೆ ಇನ್ನು 40 ಕಿಲೋಮೀಟರು ಉಳಿದಿರುವಲ್ಲಿ, ಇರುಂಗಾಟ್ಟುಕೋಟೆ ಎಂಬ ಊರಿನ ಬಯಲಿನಲ್ಲಿ, ಅದರ ಕೆಲಸವಿದೆ.

ಪಂದ್ಯ ನೋಡಲು ಹೋಗುವವರು ಅಷ್ಟು ಅವಸರ ಪಡಬೇಕಾಗಿಲ್ಲವಾದರೂ ನಾಲ್ಕು ಗಂಟೆಗೆ ಏಳದೆ ಗತಿಯಿಲ್ಲ. ಮೊದಲ ಪರೀಕ್ಷೆ ಸಿಲ್ಕ್ ಬೋರ್ಡ್ ವೃತ್ತ. ರಾಗಿಗುಡ್ಡದ ಕಡೆಯಿಂದ ಬರುವವರಿಗೆ ಈಗ ಮೆಟ್ರೋ ಕಂಬಗಳ ಮೇಲೆಯೇ ಕಟ್ಟಿದ ಎತ್ತರದ ರಸ್ತೆಯುಂಟು. ಅದರ ಮೇಲಂತಸ್ತಿನಲ್ಲಿ 2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ರೈಲು ಓಡುತ್ತಿದೆ. ಎಲೆಕ್ಟ್ರಾನಿಕ್ ಸಿಟಿ ದಾಟಿದ ಮೇಲೆ ಬರುವ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶವನ್ನು ಮೋಟಾರಿನ ಹುಚ್ಚಿರುವವರು ಗುರುತಿಟ್ಟುಕೊಳ್ಳುತ್ತಾರೆ. 2001ರಲ್ಲಿ ಪೇಟೆಗೆ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹುಟ್ಟಿದುದು ಅಲ್ಲಿ. ಅದನ್ನು ತಯಾರಿಸಿದ ಚೇತನ್ ಮೈನಿಯವರ ಮನೆತನದ ಹೆಸರು ಈ ಲೇಖನದಲ್ಲಿ ಇನ್ನೊಮ್ಮೆ ಬರಬೇಕಾಗಿದೆ.

ಅತ್ತಿಬೆಲೆಯ ಗಡಿ ದಾಟಿ ಹೊಸೂರು ಮುಟ್ಟಿದರೆ ತಮಿಳುನಾಡು. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರೇ 1948ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಹಾಕಿದವರು. ಅದರ ನೆನಪಿಗೆಂದೇ ಅಶೋಕ ಸ್ತಂಭ ನಿಂತಿದೆ. ಜಯನಗರದವರು ಒಂದು ಗಂಟೆಯ ಪಯಣದಲ್ಲಿ ತಮ್ಮ ಬಡಾವಣೆಯ ಮೂಲಪುರುಷರ ಊರಿನ ಪಕ್ಕದಲ್ಲಿಯೇ ಹಾದುಹೋಗುತ್ತಾರೆಂಬುದು ಬಹು ಮಂದಿಗೆ ತಿಳಿಯದು. ಕೃಷ್ಣಗಿರಿಯಲ್ಲಿ ಇಡ್ಲಿ, ಕಾಫಿ. ಅಲ್ಲಿಂದ ಎಡಕ್ಕೆ ಹೊರಳಿದರೆ ವಾಣಿಯಂಬಾಡಿ, ಆಂಬೂರು: ಗಾಳಿ ಬೀಸುವ ದಿಕ್ಕನ್ನು ಅನುಸರಿಸಿ ಒಮ್ಮೆ ಚರ್ಮ ಹದಮಾಡುವ ಕಾರ್ಖಾನೆಗಳ ವಾಸನೆ, ಒಮ್ಮೆ ಬಿರಿಯಾನಿಯ ಘಮ. ವೇಲೂರಿನ ಬೋಳುಗುಡ್ಡಗಳು ಹಿಂದೆ ಸರಿದ ಮೇಲೆ ನೆಲ ಚಪ್ಪಟೆಯಾಗುತ್ತದೆ, ಸೆಕೆ ಏರುತ್ತದೆ, ಬೆಂಗಳೂರಿನಿಂದ ಹೊದ್ದುಬಂದ ಸ್ವೆಟರು ಹಿಂದಿನ ಸೀಟಿಗೆ ಹೋಗುತ್ತದೆ.

ಕಾಂಚೀಪುರದ ಕವಲು ದಾಟಿದರೆ ಶ್ರೀಪೆರುಂಬುದೂರು. ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ಸಂಪ್ರದಾಯದ ಪ್ರಕಾರ 1017ರಲ್ಲಿ ರಾಮಾನುಜಾಚಾರ್ಯರು ಅವತರಿಸಿದ ಊರು ಇದು. ಮುಂದೆ ಚೋಳರ ನಾಡು ಬಿಟ್ಟು ತೊಣ್ಣೂರಿಗೂ ಮೇಲುಕೋಟೆಗೂ ಬಂದ ಅವರನ್ನು ಹೊಯ್ಸಳರ ನಾಡು ಆದರಿಸಿತು. ಆದಿಕೇಶವ ಪೆರುಮಾಳರ ಗುಡಿಗೆ ಹೋಗಿ ಬರಲು ಒಂದು ಗಂಟೆ ಸಾಕು, ಆದರೆ ಅಜ್ಜಿಯಂದಿರು ಜತೆಗಿದ್ದರೆ ಎರಡು ಗಂಟೆ. 1991ರ ಮೇ 21ರ ರಾತ್ರಿ ರಾಜೀವ ಗಾಂಧಿಯವರು ಹತರಾದ ಸ್ಥಳವೂ ಇದೇ ಊರು. ಹೆದ್ದಾರಿಯ ಬದಿಯಲ್ಲಿ ಅವರ ಸ್ಮಾರಕವಿದೆ. ಅಲ್ಲಿಂದ ಚೆನ್ನೈ ಕಡೆಗೆ ಸ್ವಲ್ಪ ದೂರ ಸಾಗಿದರೆ ಇರುಂಗಾಟ್ಟುಕೋಟೆ. ಕಾಟ್ಟು ಎಂದರೆ ಕಾಡಿನದು, ಕೋಟೆ ಎಂದರೆ ಕೋಟೆಯೇ. ಇಂದು ಕಣ್ಣಿಗೆ ಬೀಳುವುದು ಕಾಡೂ ಅಲ್ಲ ಕೋಟೆಯೂ ಅಲ್ಲ, ಕಾರ್ಖಾನೆಗಳು. 1998ರಿಂದ ಸ್ಯಾಂಟ್ರೋ ಕಾರನ್ನು ತಯಾರಿಸಿದ ಹ್ಯುಂಡೈ ಕಂಪನಿಯ ವಿಶಾಲವಾದ ಕಾರ್ಖಾನೆ ಇಲ್ಲಿಯೇ ಇದೆ. ಅದೇ ನೆರೆಯಲ್ಲಿ, ಹೆದ್ದಾರಿಯಿಂದ ಒಳಕ್ಕೆ, ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಓಟದ ಹಾದಿ. 

ಇದರ ಕಥೆ ಬೇರೊಂದು ಸ್ಥಳದಲ್ಲಿ ಆರಂಭವಾಗುತ್ತದೆ. ಮದರಾಸಿನ ಉತ್ತರಕ್ಕೆ ಶೋಳಾವರಂ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯೊಂದು ಪಾಳುಬಿದ್ದಿತ್ತು. 1953ರಲ್ಲಿ ಸ್ಥಾಪಿತವಾದ ಕ್ಲಬ್ಬಿನವರು ಅದರ ಮೇಲೆ ಕಾರು, ಮೋಟಾರ್ ಸೈಕಲ್ಲುಗಳ ಓಟವನ್ನು ನಡೆಸತೊಡಗಿದರು. ದಶಕಗಳ ಕಾಲ ‘ಶೋಳಾವರಂ’ ಎಂಬ ಮಾತಿಗೆ ದಕ್ಷಿಣ ಭಾರತದಲ್ಲಿ ಮೋಟಾರು ಓಟವೆಂದೇ ಅರ್ಥವಾಗಿತ್ತು. ಮನೆಮನೆಯ ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಗಾಡಿಗಳಿಂದ ಹಿಡಿದು, ಬೆಂಗಳೂರಿನ ವಿಜಯ ಮಲ್ಯರು ಎಂಬತ್ತರ ದಶಕದಲ್ಲಿ ತಂದಿಳಿಸಿದ ಎನ್‌ಸೈನ್ ಎಂಬ ಫಾರ್ಮುಲಾ ಒನ್ ಗಾಡಿಯವರೆಗೆ ಅಲ್ಲಿ ಓಡದ ಬಂಡಿಯಿಲ್ಲ. ಬೆಂಗಳೂರಿನಲ್ಲಿಯೂ ಅಗರಂ ವಿಮಾನಪಟ್ಟಿಯ ಮೇಲೆ ಓಟಗಳು ನಡೆದುದುಂಟು. ಆದರೆ ವಿಮಾನಪಟ್ಟಿ ವಿಮಾನಕ್ಕಾಗಿ ಮಾಡಿದ್ದು. ತಿರುವಿಲ್ಲದ ನೇರ ಕಾಂಕ್ರೀಟು, ಅಂಚಿನಲ್ಲಿ ಹುಲ್ಲಿನ ಹೊರೆ, ಅದರ ಬೆನ್ನಿಗೇ ಜನಸಂದಣಿ. ಏನಾದರೂ ತಪ್ಪಿದರೆ ಗಾಡಿ ಎಲ್ಲಿ ಹೋಗಿ ನಿಲ್ಲಬೇಕೆಂಬುದನ್ನು ದೇವರೇ ನಿರ್ಣಯಿಸಬೇಕಾಗಿತ್ತು. ಕ್ಲಬ್ಬಿನವರು ತಮ್ಮದೇ ಭೂಮಿಯಲ್ಲಿ, ಓಟಕ್ಕೆಂದೇ ಹಾದಿಯನ್ನು ಹಾಸಿ 1990ರಲ್ಲಿ ತೆರೆದರು. ಫಾರ್ಮುಲಾ ಒನ್ ನಡೆದ ದೆಹಲಿ ಸಮೀಪದ ಬುದ್ಧ ಸರ್ಕ್ಯೂಟ್ ಬಂದುದು ಇದಾದ ಇಪ್ಪತ್ತೊಂದು ವರ್ಷಗಳ ಮೇಲೆ, 2011ರಲ್ಲಿ. ಅಲ್ಲಿ ಆ ಮಹಾಪಂದ್ಯ ಮೂರೇ ವರ್ಷ ನಡೆದು ನಿಂತುಹೋಯಿತು. ಇರುಂಗಾಟ್ಟುಕೋಟೆಗೆ ಅಷ್ಟು ವೈಭವ ಬರಲಿಲ್ಲ. ಬದಲಿಗೆ ಕೆಲಸ ತಪ್ಪಲಿಲ್ಲ.

ಹಾದಿಯ ಉದ್ದ 3.717 ಕಿಲೋಮೀಟರು, ತಿರುವುಗಳು 12. ವಿದೇಶದ ಹಾದಿಗಳಲ್ಲಿ ತಿರುವುಗಳಿಗೆ ವೀರರ ಹೆಸರು, ಊರುಗಳ ಹೆಸರು ಇಡುವುದುಂಟು. ಇಲ್ಲಿ ಆ ಅಲಂಕಾರವಿಲ್ಲ. ಸಿ-1, ಸಿ-2 ಎಂದು ಎಣಿಸುತ್ತ ಹೋಗುವುದೇ ವಾಡಿಕೆ. ಒಂದು ಸುತ್ತನ್ನು ಎರಡು ನಿಮಿಷದಲ್ಲಿ ಮುಗಿಸಬೇಕಾದರೆ, ತಿರುವುಗಳಲ್ಲಿ ನಿಧಾನಿಸಿದುದನ್ನೂ ಸೇರಿಸಿ, ಗಾಡಿ ಗಂಟೆಗೆ ಸರಾಸರಿ 111 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡಬೇಕು. ಓಟದ ಕಾರುಗಳಿಗೆ ಎರಡು ನಿಮಿಷವೂ ಹೆಚ್ಚೇ.

ಇಲ್ಲಿ ಟೂರಿಂಗ್ ಕಾರು ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫಾರ್ಮುಲಾ ಗಾಡಿ ಹುಟ್ಟಿನಿಂದಲೇ ಓಟದ್ದು: ಮೇಲೆ ಚಾವಣಿಯಿಲ್ಲ, ಚಕ್ರಗಳು ಹೊರಗೆ, ಆಸನ ಒಂದೇ. ಟೂರಿಂಗ್ ಕಾರು ಹಾಗಲ್ಲ. ಅದು ಬೀದಿಯಲ್ಲಿ ಓಡುವ ಕಾರೇ, ಬಾಗಿಲುಂಟು, ಚಾವಣಿಯುಂಟು. ಬ್ರಿಟನ್ನಿನಲ್ಲಿ ಇಂಥ ಕಾರುಗಳ ಪಂದ್ಯಾವಳಿ 1958ರಲ್ಲಿ ಆರಂಭವಾಯಿತು, ಮಕಾವು ನಗರದ ಬೀದಿಗಳಲ್ಲಿ ನಡೆಯುವ ಗಿಯಾ ಓಟ 1972ರಲ್ಲಿ. ನಮ್ಮ ದೇಶದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಇಂಡಿಯನ್ ಟೂರಿಂಗ್ ಕಾರ್ಸ್ ಎಂಬ ವರ್ಗವೊಂದು, ಅದಕ್ಕೂ ಕಿರಿಯದಾದ ಜೂನಿಯರ್ ವರ್ಗವೊಂದು ಉಂಟು. ಇವುಗಳಲ್ಲಿ ಓಡಿರುವ ಎಸ್ಟೀಮ್, ಹೋಂಡಾ ಸಿಟಿ, ಪೋಲೋ ಮುಂತಾದುವು ಯಾವ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಾದರೂ ಸಿಗುವ ಕಾರುಗಳೇ. ಪ್ರೇಕ್ಷಕರಿಗೆ ಇದರಲ್ಲಿರುವ ಆಕರ್ಷಣೆಯೂ ಅದೇ. ರಾಕೆಟ್ಟಿನಂಥ ಗಾಡಿಯ ಓಟವನ್ನು ಬೆರಗಿನಿಂದ ನೋಡಬಹುದು. ಆದರೆ ತಾನು ಪ್ರತಿದಿನ ತರಕಾರಿ ತರುವ ಕಾರೇ ಅಷ್ಟು ವೇಗದಲ್ಲಿ ಎರಡು ಚಕ್ರಗಳ ಮೇಲೆ ವಾಲುತ್ತ ಬರುವುದನ್ನು ಕಂಡಾಗ ಆಗುವ ರೋಮಾಂಚವೇ ಬೇರೆ.

ನೋಟಕ್ಕೆ ಒರಟಾದ ಈ ಆಟದಲ್ಲಿ ಲೆಕ್ಕಾಚಾರ ಬಹಳ. ಟೈರಿನ ಹಿಡಿತವನ್ನು ನೌಕರಿಯವನ ತಿಂಗಳ ಸಂಬಳಕ್ಕೆ ಹೋಲಿಸಬಹುದು. ಬ್ರೇಕು ಹಾಕುವುದು ಒಂದು ಖರ್ಚು, ತಿರುಗುವುದು ಇನ್ನೊಂದು, ವೇಗ ಹೆಚ್ಚಿಸುವುದು ಮತ್ತೊಂದು. ಎಲ್ಲವೂ ಒಂದೇ ಸಂಬಳದಲ್ಲಿ ನಡೆಯಬೇಕು. ತಿರುವಿನ ನಡುವೆ ಬ್ರೇಕು ತುಳಿದವನಿಗೆ ತಿರುಗಲು ಹಿಡಿತ ಸಾಲದೆ ಗಾಡಿ ನೇರವಾಗಿ ಹೊರಕ್ಕೆ ಜಾರುತ್ತದೆ. ಆದುದರಿಂದ ಬಲ್ಲವರು ಬ್ರೇಕಿನ ಕೆಲಸದ ಬಹುಪಾಲನ್ನು ನೇರಹಾದಿಯಲ್ಲಿಯೇ ಮುಗಿಸಿ, ಹೊರ ಅಂಚಿನಿಂದ ಒಳ ಅಂಚಿಗೆ ಬಂದು, ಮತ್ತೆ ಹೊರ ಅಂಚಿಗೆ ಹರಡಿಕೊಳ್ಳುತ್ತಾರೆ. ಹೀಗೆ ಮಾಡಿದರೆ ತಿರುವಿನ ಬಾಗು ಕಡಿಮೆಯಾಗುತ್ತದೆ. ಅಂಥ ಗೆರೆ ಹಾದಿಯಲ್ಲಿ ಒಂದೇ. ಅದರ ಮೇಲೆ ಇಬ್ಬರಿಗೆ ಸ್ಥಳವಿಲ್ಲ. ಜಗಳ ಹುಟ್ಟುವುದು ಅಲ್ಲಿಯೇ. ನೇರಹಾದಿಯಲ್ಲಿ ಮುಂದಿನವನ ಬೆನ್ನಿಗೆ ಅಂಟಿಕೊಂಡು, ಅವನು ಗಾಳಿಯನ್ನು ಸೀಳಿದ ಹೊಳ್ಳಿನಲ್ಲಿ ಸುಲಭವಾಗಿ ಸಾಗಿಬಂದವನು, ತಿರುವಿಗೆ ನೂರು ಗಜವಿರುವಾಗ ಮಗ್ಗುಲಿಗೆ ಮೂಗು ತೂರಿಸುತ್ತಾನೆ. ಇಬ್ಬರೂ ಬ್ರೇಕು ಹಾಕಲು ಕಾಯುತ್ತಾರೆ. ಒಬ್ಬನು ಕಣ್ಣು ಮಿಟುಕಿಸುವಷ್ಟು ಮೊದಲು ಹಾಕುತ್ತಾನೆ.

“ತಾತ, ಯಾವ ಕಾರು ಗೆಲ್ಲುತ್ತೆ?” ಎಂದು ಕಟ್ಟೆಯ ಮೇಲೆ ಕುಳಿತ ಮೊಮ್ಮಗ ಕೇಳುತ್ತಾನೆ.

“ಕಾರು ಯಾವುದಾದರೇನಪ್ಪ, ಕೊನೇಲಿ ಬ್ರೇಕ್ ಒತ್ತೋನು ಗೆಲ್ಲುತ್ತಾನೆ. ಶೋಳಾವರದಲ್ಲಿ ನಾವು ನೋಡಿಲ್ಲವೆ?” ಎನ್ನುತ್ತಾರೆ ಬನಶಂಕರಿ ಎರಡನೆಯ ಹಂತದ ನಿವೃತ್ತ ಗುಮಾಸ್ತರು.

“ನಿಮ್ಮ ತಾತ ಸ್ಕೂಟರನ್ನ ನಲವತ್ತರ ಮೇಲೆ ಓಡಿಸಿದ್ದು ನಾನಂತೂ ನೋಡಿಲ್ಲ ಕಣೋ,” ಎಂದು ಪಕ್ಕದಲ್ಲಿ ಪುಳಿಯೋಗರೆಯ ಡಬ್ಬಿ ಬಿಚ್ಚುತ್ತಿದ್ದ ಅಜ್ಜಿಯ ಮಾತು.

ಪಿಟ್ ಎಂದು ಕರೆಯುವ ತಂಗುಸಾಲಿನಲ್ಲಿ ಹಬ್ಬದ ಮನೆಯ ಗಡಿಬಿಡಿ. ತಮಿಳು, ಕನ್ನಡ, ಮಲೆಯಾಳ, ಇಂಗ್ಲಿಷು ಬೆರೆತ ಕೂಗಾಟ. ಮೆಕ್ಯಾನಿಕ್ಕುಗಳ ಕೈ ಮೊಣಕೈವರೆಗೆ ಕಪ್ಪು. ಒಬ್ಬನು ಟೈರಿನ ಗಾಳಿಯನ್ನು ಅಳೆದು ಒಂದು ಗುಟುಕು ಬಿಡುತ್ತಾನೆ, ಇನ್ನೊಬ್ಬನು ಅದನ್ನೇ ಮತ್ತೆ ತುಂಬಿಸೆಂದು ವಾದಿಸುತ್ತಾನೆ. ಓಟದ ಕಾರಿಗೆ ತಂಪುಗಾಳಿಯ ಯಂತ್ರವಿಲ್ಲ. ಬೆಂಕಿ ತಡೆಯುವ ದಪ್ಪ ಉಡುಪು, ಕೈಗವಸು, ಶಿರಸ್ತ್ರಾಣ ಧರಿಸಿ, ಭುಜಕ್ಕೂ ಸೊಂಟಕ್ಕೂ ಬಿಗಿದ ಪಟ್ಟಿಗಳ ನಡುವೆ ಕುಳಿತ ಚಾಲಕ ಚೆನ್ನೈ ಬಿಸಿಲಿನಲ್ಲಿ ಬೆಂದುಹೋಗುತ್ತಾನೆ. ಹದಿನೈದು ಇಪ್ಪತ್ತು ನಿಮಿಷದ ಓಟ ಮುಗಿಸಿ ಇಳಿದವನು ಮೊದಲು ಕೇಳುವುದು ಸ್ಥಾನವನ್ನಲ್ಲ, ನೀರನ್ನು.

ಇದಕ್ಕೆಲ್ಲ ಹಣ ಎಲ್ಲಿಂದ ಬರುತ್ತದೆ? ಎಂಜಿನು, ಟೈರು, ಪ್ರವೇಶಧನ, ಟ್ರಕ್ಕಿನ ಬಾಡಿಗೆ, ಮೆಕ್ಯಾನಿಕ್ಕುಗಳ ಊಟ ವಸತಿ ಎಲ್ಲ ಸೇರಿ ಈ ಕ್ರೀಡೆ ಮಧ್ಯಮವರ್ಗದವರ ಕೈಗೆ ಎಟುಕುವಂಥದಲ್ಲ. ಪ್ರಾಯೋಜಕರು ಸಿಕ್ಕವರು ಪುಣ್ಯವಂತರು. ಸಿಗದವರು ತಂದೆಯ ಮುಖ ನೋಡುತ್ತಾರೆ, ತಂದೆ ಬ್ಯಾಂಕಿನ ಪುಸ್ತಕ ನೋಡುತ್ತಾನೆ. ಕ್ರಿಕೆಟ್ ಬ್ಯಾಟು ಹಿಡಿದ ಹುಡುಗನಿಗೆ ಜಯನಗರದಲ್ಲಿ ಮೈದಾನವುಂಟು, ಶಟಲ್ ಆಡುವವನಿಗೆ ಅಂಕಣವುಂಟು. ರಾಷ್ಟ್ರೀಯ ಮಟ್ಟದ ಕಾರು ಓಟಕ್ಕೆ ಇಳಿಯಬೇಕೆಂಬ ಬೆಂಗಳೂರಿನವನಿಗೆ ಇರುಂಗಾಟ್ಟುಕೋಟೆ ಇಲ್ಲವೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಎರಡೂ ತಮಿಳುನಾಡಿನಲ್ಲಿ. ಕೊಯಮತ್ತೂರಿನ ಹಾದಿಗೆ ಆ ಹೆಸರು ಬಂದುದು ಬಣ್ಣದಿಂದಲ್ಲ. ಅಗ್ಗದ ಓಟದ ಗಾಡಿಗಳನ್ನು ರೂಪಿಸಿ ಸಾಮಾನ್ಯ ಹುಡುಗರಿಗೆ ದಾರಿ ಮಾಡಿಕೊಟ್ಟು, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನರ ನೆನಪಿಗೆ. ಅಂಥವರು ಕರ್ನಾಟಕದಲ್ಲಿ ಒಬ್ಬರು ಹುಟ್ಟಿದ್ದರೆ ಹೊಸೂರು ರಸ್ತೆಯ ಟ್ರಕ್ಕುಗಳಿಗೆ ಇಷ್ಟು ಕೆಲಸವಿರುತ್ತಿರಲಿಲ್ಲ.

ಹಣಕ್ಕಿಂತ ದೊಡ್ಡ ಪಣವೊಂದು ಇದರಲ್ಲಿದೆ. ಹಾದಿಯ ಪ್ರತಿ ತಿರುವಿನಲ್ಲಿಯೂ ಬಾವುಟ ಹಿಡಿದ ಮಾರ್ಷಲ್‌ಗಳು ನಿಂತಿರುತ್ತಾರೆ. ಹಳದಿ ಬಾವುಟ ಬೀಸಿದರೆ ಮುಂದೆ ಅಪಾಯ, ಯಾರೂ ಯಾರನ್ನೂ ಹಿಂದಿಕ್ಕಕೂಡದು. ಹಳದಿ ಕೆಂಪು ಪಟ್ಟೆಯದಾದರೆ ಹಾದಿ ಜಾರುತ್ತಿದೆ. ನೀಲಿಯಾದರೆ ಹಿಂದೆ ವೇಗದ ಗಾಡಿ ಬರುತ್ತಿದೆ, ಎಡೆಗೊಡಬೇಕು. ಕೆಂಪು ಬಾವುಟ ಬಂದರೆ ಓಟವೇ ನಿಂತಿತು. ಸ್ಪರ್ಧಿಗಳ ಮನೆಯವರಿಗೆ ಬಾವುಟಗಳ ಈ ಭಾಷೆ ಬಾಯಿಪಾಠ. ಪಿಟ್ ಗೋಡೆಯ ಹಿಂದೆ ನಿಂತ ತಾಯಿಯೊಬ್ಬಳು ಮಗನ ಗಾಡಿ ಮುಂದೆ ಹಾದುಹೋದ ಕ್ಷಣದಿಂದ ಮಾತು ನಿಲ್ಲಿಸುತ್ತಾಳೆ. ಎರಡು ನಿಮಿಷದ ಮೇಲೆ ಅದೇ ಅಂಕಿ ಮತ್ತೆ ಕಂಡ ಮೇಲೆಯೇ ಉಸಿರು. ಕೆಂಪು ಬಾವುಟ ಕಂಡರೆ ಯಾರನ್ನೂ ಏನನ್ನೂ ಕೇಳದೆ, ಬರುವ ಗಾಡಿಗಳನ್ನು ಒಂದೊಂದಾಗಿ ಎಣಿಸತೊಡಗುತ್ತಾಳೆ.

2023ರಲ್ಲಿ ಇಂಥ ಎಣಿಕೆ ಎರಡು ಸಲ ತಪ್ಪಿತು. ಜನವರಿ 8ರಂದು ಸಲೂನ್ ಕಾರುಗಳ ಓಟದಲ್ಲಿ ಒಂದು ಗಾಡಿ ಇನ್ನೊಂದಕ್ಕೆ ತಗಲಿ, ಹಾದಿ ಬಿಟ್ಟು, ಬೇಲಿಗೆ ಅಪ್ಪಳಿಸಿ ಮಗುಚಿತು. ಅದನ್ನು ಓಡಿಸುತ್ತಿದ್ದವರು 59 ವರ್ಷದ ಅನುಭವಿ, ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗಸ್ಟ್ 5ರಂದು ಮೋಟಾರ್ ಸೈಕಲ್ಲುಗಳ ಪಂದ್ಯದಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಮೊದಲನೆಯ ತಿರುವಿನ ಬಳಿ ಬಿದ್ದು ಮಡಿದ. ಅದೇ ಬೆಳಿಗ್ಗೆ ಅವನು ಎಲ್ಲರಿಗಿಂತ ಮುಂದಿನ ಸ್ಥಾನವನ್ನು ಗೆದ್ದುಕೊಂಡಿದ್ದ. ಆ ದಿನ ಉಳಿದಿದ್ದ ಓಟಗಳನ್ನೂ ಮರುದಿನದವನ್ನೂ ಕ್ಲಬ್ಬಿನವರು ನಿಲ್ಲಿಸಿಬಿಟ್ಟರು. ಹದಿಮೂರು ವರ್ಷದ ಹುಡುಗನಿಗೆ ಬೀದಿಯಲ್ಲಿ ಬಂಡಿ ನಡೆಸಲು ಕಾನೂನು ಪರವಾನಗಿ ಕೊಡದು. ಓಟದ ಹಾದಿಯಲ್ಲಿ ಅದು ಸಿಗುತ್ತದೆ. ಎಳೆಯ ವಯಸ್ಸಿನಲ್ಲಿ ಕಲಿಯದಿದ್ದರೆ ಜಗತ್ತಿನ ಎದುರು ನಿಲ್ಲಲಾಗದು ಎಂಬುದು ತರಬೇತಿಗಾರರ ವಾದ. ಅದು ಸುಳ್ಳೇನೂ ಅಲ್ಲ. ಆದರೆ ಯೂರೋಪಿನಲ್ಲಿ 2021ರ ಒಂದೇ ವರ್ಷದಲ್ಲಿ ಹದಿಹರೆಯದ ಮೂವರು ಸವಾರರು ಸತ್ತ ಮೇಲೆ ಮೋಟಾರ್ ಸೈಕಲ್ ಓಟದ ಅಂತರರಾಷ್ಟ್ರೀಯ ಒಕ್ಕೂಟವೇ ತನ್ನ ಪಂದ್ಯಗಳ ಕನಿಷ್ಠ ವಯಸ್ಸನ್ನು ಏರಿಸಬೇಕಾಯಿತು. ಕಾರಿನಲ್ಲಾದರೋ ಮೈಸುತ್ತ ಉಕ್ಕಿನ ಪಂಜರವಾದರೂ ಉಂಟು. ಬಿದ್ದ ಸವಾರನಿಗೆ ಹಿಂದಿನಿಂದ ಬರುವವರ ಚಕ್ರಗಳಿಂದ ಮರೆಯಿಲ್ಲ. ಈ ವಯಸ್ಸಿನ ಪ್ರಶ್ನೆಯನ್ನು ಪ್ರಾಯೋಜಕರ ಉತ್ಸಾಹಕ್ಕೂ ತಂದೆತಾಯಿಯರ ಆಸೆಗೂ ಬಿಡುವುದು ಸರಿಯೆಂದು ತೋರದು.

ಇಷ್ಟಾದರೂ ಓಟವನ್ನೇ ನಿಲ್ಲಿಸಬೇಕೆನ್ನುವವರು ನೈಸ್ ರಸ್ತೆಯಲ್ಲಿಯೋ ಹೊಸೂರು ರಸ್ತೆಯಲ್ಲಿಯೋ ರಾತ್ರಿ ಹನ್ನೊಂದರ ಮೇಲೆ ಒಮ್ಮೆ ನಿಂತು ನೋಡಬೇಕು. ಮುಂಚಕ್ರ ಎತ್ತಿ ಓಡಿಸುವವರು, ತಮ್ಮ ತಮ್ಮಲ್ಲೇ ಪಂದ್ಯ ಕಟ್ಟುವವರು ಪೊಲೀಸರಿಗೆ ಸಿಕ್ಕಿಬಿದ್ದ ವಾರ್ತೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿರುತ್ತದೆ. ಅಲ್ಲಿ ಬಾವುಟವಿಲ್ಲ, ಆಂಬ್ಯುಲೆನ್ಸ್ ಇಲ್ಲ, ಎದುರಿಗೆ ಬರುವವನಿಗೆ ತಾನೊಂದು ಪಂದ್ಯದ ನಡುವೆ ಸಿಕ್ಕಿದ್ದೇನೆಂಬ ಅರಿವೂ ಇಲ್ಲ. 

ಹಾದಿಯಲ್ಲಿ ಕಲಿತವರು ದೂರ ಹೋದುದೂ ಉಂಟು. ಬೆಂಗಳೂರಿನ ಮೈನಿ ಮನೆತನದ ಅರ್ಜುನ್, ಮೇಲೆ ಹೇಳಿದ ಚೇತನ್ ಮೈನಿಯವರ ಅಣ್ಣತಮ್ಮಂದಿರ ಪೈಕಿ ಗೌತಮ್ ಅವರ ಮಗ, 2021ರಲ್ಲಿ ಜರ್ಮನಿಯ ಪ್ರಸಿದ್ಧ ಟೂರಿಂಗ್ ಕಾರು ಪಂದ್ಯಾವಳಿಯಾದ ಡಿ.ಟಿ.ಎಂ.ಗೆ ಇಳಿದ ಮೊದಲ ಭಾರತೀಯನಾದ. 1984ರಿಂದ ಬೆಳೆದುಬಂದ ಆ ಪಂದ್ಯಾವಳಿಯ ಒಂದು ಸುತ್ತು ನ್ಯೂರೆಂಬರ್ಗ್ ನಗರದ ನೋರಿಸ್‌ರಿಂಗ್‌ನಲ್ಲಿ ನಡೆಯುತ್ತದೆ. ಅದು ಊರ ಬೀದಿಗಳನ್ನೇ ಮುಚ್ಚಿ ಮಾಡಿದ, 2.3 ಕಿಲೋಮೀಟರಿನ ಚಿಕ್ಕ ಹಾದಿ. ಪ್ರೇಕ್ಷಕರು ಕೂರುವ ಕಲ್ಲಿನ ಕಟ್ಟೆ ಹಿಂದೆ ನಾಜಿಗಳ ಸಭೆಗಳಿಗಾಗಿ ಕಟ್ಟಿದ್ದು. ಅರ್ಜುನನ ತಮ್ಮ ಕುಶ್ 2025ರ ಮೇ ತಿಂಗಳಿನಲ್ಲಿ ಮೊನಾಕೋ ನಗರದಲ್ಲಿ ಫಾರ್ಮುಲಾ 2ರ ಕಿರು ಓಟವನ್ನು ಗೆದ್ದ. ಮನೆಯಲ್ಲಿ ಅನುಕೂಲವಿದ್ದವರ ಮಾತಾಯಿತೆಂದು ಗ್ಯಾರೇಜಿನ ಹುಡುಗರು ಗೊಣಗುವುದುಂಟು. ಅದೂ ನಿಜ, ಗೆಲುವೂ ನಿಜ.

ಮಧ್ಯಾಹ್ನ ಇಳಿಯುತ್ತಿದ್ದಂತೆ ದಿನದ ಕೊನೆಯ ಟೂರಿಂಗ್ ಕಾರು ಓಟ. ಚೌಕುಳಿಯ ಬಾವುಟ ಬೀಸಿ, ಗೆದ್ದವನು ಕಾರಿನ ಮೇಲೇರಿ ಕೈಯೆತ್ತಿ, ಫೋಟೋ ತೆಗೆದುಮುಗಿದ ಮೇಲೂ ಫಲಿತಾಂಶ ತೀರ್ಮಾನವಾದಂತಲ್ಲ. ಮೊದಲ ಸ್ಥಾನಗಳಲ್ಲಿ ಬಂದ ಗಾಡಿಗಳನ್ನು ಬೇಲಿ ಹಾಕಿದ ಆವರಣಕ್ಕೆ ತಳ್ಳುತ್ತಾರೆ. ಅಲ್ಲಿ ಅವುಗಳ ಮಾಲೀಕರೂ ಮುಟ್ಟುವಂತಿಲ್ಲ. ಪರಿಶೀಲಕರು ಗಾಡಿಯನ್ನು ತೂಗುತ್ತಾರೆ, ಅಗತ್ಯ ಕಂಡರೆ ಎಂಜಿನನ್ನು ಬಿಚ್ಚಿಸುತ್ತಾರೆ, ನಿಯಮಕ್ಕಿಂತ ಒಂದು ಕೂದಲೆಳೆ ದೊಡ್ಡದಾದ ಬಿಡಿಭಾಗ ಸಿಕ್ಕರೂ ಗೆಲುವು ಹಿಂದೆ ಬಂದವನಿಗೆ ಹೋಗುತ್ತದೆ. ದೂರು ಕೊಡುವವರಿಗೆ ನಿಗದಿಯಾದ ಅವಧಿಯುಂಟು. ಆ ಹೊತ್ತಿನಲ್ಲಿ ತಂದೆ, ಮಗ, ಮೆಕ್ಯಾನಿಕ್ಕು ಮೂವರೂ ಬೇಲಿಯ ಈಚೆ ನಿಂತು ತಣ್ಣಗಾದ ಟೀ ಹಿಡಿದಿರುತ್ತಾರೆ. ಹಲಗೆಯ ಮೇಲೆ ಸಹಿಯಾದ ಕಾಗದ ಅಂಟಿಸಿದ ಮೇಲೆ ಗೆದ್ದವರೂ ಸೋತವರೂ ಒಂದೇ ಬಗೆಯಲ್ಲಿ ಹಗ್ಗ ಬಿಗಿದು ಗಾಡಿಗಳನ್ನು ಟ್ರಕ್ಕಿಗೆ ಕಟ್ಟುತ್ತಾರೆ. ಸೋಮವಾರ ಬೆಳಿಗ್ಗೆ ಕಾಲೇಜಿಗೋ ಕಚೇರಿಗೋ ಹೋಗಬೇಕಾದವರು, ರಾತ್ರಿ ಎರಡು ಗಂಟೆಗಾದರೂ ಅತ್ತಿಬೆಲೆ ದಾಟಬೇಕು.